ರೊಟ್ಟಿ ಮನೆಯ ಗೋಡೆ

ತನುಶ್ರೀಯ ಗಾಡಿಯ ಮೇಲೆ ನಯನಾಳಿಗಿದ್ದ ಮೊದಲನೆಯ ಸಿಟ್ಟು ಏನೆಂದರೆ, ಅದು ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಗಂಡ ಬಕ್ಕೇಶನ ಹಳೆಯ ಬೈಕು ಎಂ.ಸಿ.ಸಿ. ಬಡಾವಣೆಯ ತಿರುವಿನಲ್ಲಿರುವಾಗಲೇ ಕೇಳಿಸುತ್ತಿತ್ತು. ಸಾರಿಗೆ ಒಗ್ಗರಣೆ ಕೊಟ್ಟು ತಟ್ಟೆ ಇಡುವಷ್ಟರಲ್ಲಿ ಅವನು ಬಾಗಿಲಲ್ಲಿರುತ್ತಿದ್ದ. ವಾರಗಿತ್ತಿಯ ಕರೆಂಟಿನ ಗಾಡಿ ಹಾಗಲ್ಲ. ನಯನಾ ಹೆಂಚಿನ ಮುಂದಿನಿಂದ ಎದ್ದು ಬಂದು, ಕಾಲು ಚಾಚಿ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಒಂದು ಗಳಿಗೆ ಕೂತಿರುವಾಗಲೇ ಅದು ಕಳ್ಳನ ಹಾಗೆ ಅಂಗಳಕ್ಕೆ ಬಂದು ನಿಂತಿರುತ್ತಿತ್ತು. ಇಸ್ತ್ರಿ ಮಾಡಿದ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಹೆಲ್ಮೆಟ್ಟು. ಇವಳ ಕೈತುಂಬ ಜೋಳದ ಹಿಟ್ಟು.

ನಯನಾ ಹದಡಿಯ ಹೆಣ್ಣು. ಉಜ್ಜನಪ್ಪನವರ ಮನೆಗೆ ಹಿರಿಯ ಸೊಸೆಯಾಗಿ ಬಂದು ಹದಿನೆಂಟು ವರ್ಷ. ಮಾವನ ಕಾಳಿನ ಅಂಗಡಿ ಕೈಕೊಟ್ಟ ವರ್ಷ ಅವಳು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿ, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡಲು ಶುರು ಮಾಡಿದಳು. ದಿನಕ್ಕೆ ನೂರೈವತ್ತು ರೊಟ್ಟಿ. ಮನೆಯ ಹಾಲು, ತರಕಾರಿ, ಅತ್ತೆಯ ಬಿ.ಪಿ. ಮಾತ್ರೆ ಅದರಲ್ಲೇ ನಡೆಯುತ್ತಿತ್ತು. ನಡೆಯುತ್ತಿದೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅದು ಬೇರೆ ಮಾತು. ತನುಶ್ರೀ ಮೈದುನ ಬಸವಕಿರಣನ ಹೆಂಡತಿ, ಬಂದು ಮೂರೇ ವರ್ಷ. ಹರಿಹರದ ಸಹಕಾರಿ ಬ್ಯಾಂಕೊಂದರಲ್ಲಿ ಅವಳಿಗೆ ಕೆಲಸ. ಸಂಬಳ ಉಳಿಸಿ ನೀಲಿ ಬಣ್ಣದ ಗಾಡಿ ತಂದ ದಿನ ಇಡೀ ಓಣಿಯೇ ಬಂದು ನೋಡಿ, ಚಹಾ ಕುಡಿದು ಹೋಯಿತು. ಆ ಚಹಾ ಕಾಸಿದವಳು ನಯನಾ.

ಅಷ್ಟಕ್ಕೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಹೊಟ್ಟೆಗೆ ಕಿಚ್ಚು ಬಿದ್ದದ್ದು ಅತ್ತೆ ಮರುಳಸಿದ್ದಮ್ಮನವರಿಂದ. ಹೊಸದಾಗಿ ಮದುವೆಯಾಗಿ ಬಂದಾಗ ನಯನಾ ಸೈಕಲ್ ಕಲಿಯುತ್ತೇನೆ ಅಂದದ್ದಕ್ಕೆ, "ಈ ಮನಿ ಸೊಸೆ ಸೈಕಲ್ ಹತ್ತಿ ಓಣಿ ಸುತ್ತಿದ್ಲು ಅನ್ನಿಸ್ಕಳ್ಳಾದು ಬ್ಯಾಡ" ಎಂದು ಬಾಯಿ ಮುಚ್ಚಿಸಿದ್ದವರು ಇವರೇ. ಈಗ ಎಪ್ಪತ್ತರ ವಯಸ್ಸಿನಲ್ಲಿ ತನುಶ್ರೀಯ ಸೊಂಟ ಹಿಡಿದು ಹಿಂದೆ ಕೂತು ಪ್ರತಿ ಸೋಮವಾರ ಹರಿಹರಕ್ಕೆ ಹೋಗುತ್ತಿದ್ದರು. ಹರಿಹರೇಶ್ವರನ ದರ್ಶನ, ಮಧ್ಯಾಹ್ನ ತಂಗಿಯ ಮನೆಯಲ್ಲಿ ಊಟ, ಸಂಜೆ ಸೊಸೆಯ ಜೊತೆ ವಾಪಸು. ಬಂದವರು ಸುಮ್ಮನೆ ಕೂರುತ್ತಿರಲಿಲ್ಲ.

"ಏನ್ ತಣ್ಣಗೆ ಹೋಗ್ತೈತವ್ವ ಗಾಡಿ. ಸದ್ದಿಲ್ಲ, ಹೊಗೆ ಇಲ್ಲ. ಗಾಳಿ ಕುಡಿಯಾಕೆ ಹೋಗಿ ಬಂದಂಗಾತು."

"ಇಲ್ಲಿ ಹೊಗೆ ಐತೆ, ಬರ್ರಿ ಅತ್ತೆ, ಕುಡೀರಿ" ಎಂದು ನಯನಾ ಒಲೆಯ ಮುಂದಿನಿಂದ ಹೇಳಿದರೆ ಮರುಳಸಿದ್ದಮ್ಮನವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಲು ಹೊರಟಾಗ ಎಲ್ಲರೂ ಹಿಂದಿನ ರಸ್ತೆಯ ವಾಮದೇವಪ್ಪನವರ ಬಾಡಿಗೆ ಮನೆಗೆ ಬಂದಿದ್ದರು. ಅಲ್ಲಿದ್ದ ದೊಡ್ಡ ಪ್ಲಗ್ ಒಂದೇ, ಅಡಿಗೆಮನೆಯ ಕಿಟಕಿಯ ಪಕ್ಕ. ಅದರಿಂದಲೇ ನಯನಾಳ ಗ್ರೈಂಡರು ತಿರುಗಬೇಕು. ಅದರಿಂದಲೇ ಕಿಟಕಿಯ ಸರಳಿನ ನಡುವೆ ವೈರು ಇಳಿಸಿ ಅಂಗಳದ ಗಾಡಿಗೆ ಚಾರ್ಜು ಹೋಗಬೇಕು. ಸಂಜೆಯಾದರೆ ತನುಶ್ರೀ ಬಂದು, "ಅಕ್ಕ, ನಿಮ್ದು ಆಯ್ತಾ? ನಂದು ಹಾಕ್ಕಳ್ಳಾ?" ಎನ್ನುವಳು. ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಹುಡುಕಲು ನಯನಾ ಎಷ್ಟು ಪ್ರಯತ್ನಪಟ್ಟರೂ ಸಿಕ್ಕುತ್ತಿರಲಿಲ್ಲ, ಅದೇ ಅವಳಿಗೆ ದೊಡ್ಡ ಸಂಕಟ. ವಾಮದೇವಪ್ಪನವರು ದಿನ ಬಿಟ್ಟು ದಿನ ಬಂದು "ಕಿಡಕ್ಯಾಗೆ ವೈರ್ ಬಿಡಬ್ಯಾಡ್ರಿ, ಮನಿ ಸುಟ್ಟೀತು" ಎಂದು ಹೇಳಿ, ಬಿಸಿ ರೊಟ್ಟಿ ಒಂದು ತಿಂದು ಹೋಗುತ್ತಿದ್ದರು.

ಹಾಗಂತ ಇಬ್ಬರಿಗೂ ಮೊದಲಿನಿಂದ ಹಾವು ಮುಂಗುಸಿ ಅಂತೇನೂ ಇರಲಿಲ್ಲ. ಒಮ್ಮೆ ತನುಶ್ರೀ ತನ್ನ ಫೋನಿನಲ್ಲಿ ರೊಟ್ಟಿ ಮಷಿನ್ನಿನ ವಿಡಿಯೋ ತೋರಿಸಿದ್ದಳು. ಒಂದು ಕಡೆ ಹಿಟ್ಟು ನಾದುತ್ತದೆ, ಇನ್ನೊಂದು ಕಡೆ ಚಂದ್ರನಂಥ ರೊಟ್ಟಿ ಬೀಳುತ್ತದೆ. ನಯನಾ ಅದನ್ನು ಮೂರು ಸಲ ಹಾಕಿಸಿ ನೋಡಿದಳು. "ಇಂಥದೊಂದಿದ್ರೆ ನನ್ನ ರಟ್ಟಿ ಉಳೀತಾವೆ ನೋಡು" ಎಂದು ನಕ್ಕು, ಹೆಂಚಿನ ಕಡೆ ತಿರುಗಿ, ಆ ಮಾತು ಅಲ್ಲಿಗೇ ಮರೆತಳು.

ಒಂದು ಭಾನುವಾರ ಬೆಳಿಗ್ಗೆ ಎಂಜಿನಿಯರ್ ಶಿವಮೂರ್ತಿ ಪ್ಲಾನಿನ ಸುರುಳಿ ಹಿಡಿದುಕೊಂಡು ಬಂದ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಗಳನ್ನು ಬದಿಗೆ ಸರಿಸಿ ನೆಲದ ಮೇಲೆ ಕಾಗದ ಹಾಸಿದರು.

"ಸಾವ್ಕಾರ್ರೆ, ಒಂದು ಮಾತು. ಹೊಸ ಮನಿ ಕಟ್ಟೋರು ಪಾರ್ಕಿಂಗ್‌ನಾಗೆ ಕರೆಂಟ್ ಗಾಡಿಗೆ ಚಾರ್ಜಿಂಗ್ ಪಾಯಿಂಟ್ ತೋರಿಸ್ಬೇಕು ಅಂತ ನಿಯಮ ಬರಬೌದು ಅಂತಾರೆ. ಇನ್ನೂ ಪಕ್ಕಾ ಇಲ್ಲ. ನಾನಂತೂ ಈಗಿಂದ್ಲೇ ಎಲ್ಲಾ ಪ್ಲಾನ್‌ನಾಗೂ ಹಾಕ್ತಿದೀನಿ" ಎಂದ ಶಿವಮೂರ್ತಿ.

ಉಜ್ಜನಪ್ಪನವರು ಬಜ್ಜಿ ಕೆಳಗಿಟ್ಟರು. "ನನ್ನ ದುಡ್ಡಾಗೆ ಕಟ್ಟೋ ಗ್ವಾಡಿಗೆ ಎಲ್ಲಿ ತೂತು ಹೊಡೀಬೇಕು ಅಂತ ಸರ್ಕಾರದೋರು ಹೇಳ್ಬೇಕೇನಪ್ಪ?"

"ಅದೇ ನಾನೂ ಅನ್ನಾದು. ಗಾಡಿ ಇದ್ದೋರು ಹಾಕಿಸ್ಕಳ್ಳಿ. ಸೈಕಲ್ ತುಳಿಯೋನು ಮನಿ ಕಟ್ಟಿದ್ರೂ ಹಾಕಿಸ್ಬೇಕು ಅಂದ್ರೆ ಹೆಂಗೆ?" ಎಂದ ಬಕ್ಕೇಶ.

"ಅಣ್ಣಾ, ವಾಮದೇವಪ್ಪನೋರು ಈ ಮನಿ ಕಟ್ಟುವಾಗ ಒಂದು ಪಾಯಿಂಟ್ ಹಾಕ್ಸಿದ್ರೆ ನಾವ್ಯಾಕ ಕಿಡಕಿಯಿಂದ ವೈರ್ ಎಳೀತಿದ್ವಿ? ಬಾಡಿಗಿಗೆ ಬಂದೋರಿಗೆ ಗ್ವಾಡೆ ಒಡಿಯಾಕೆ ಬರ್ತೈತಾ?" ಎಂದ ಬಸವಕಿರಣ.

ತನುಶ್ರೀ ಕಾಗದದ ಮೇಲೆ ಬೆರಳಿಟ್ಟಳು. "ಮಾವಾರೆ, ಈಗ ವೈರಿನ ಪೈಪ್ ಹಾಕಿಸಿದ್ರೆ ಎರಡು ಮೂರು ಸಾವಿರದಾಗೆ ಮುಗೀತೈತೆ. ಆಮೇಲೆ ಬೇಕು ಅಂದ್ರೆ ಟೈಲ್ಸ್ ಒಡೀಬೇಕು, ಗಾರೆ ಒಡೀಬೇಕು, ಮತ್ತೆ ಬಣ್ಣ ಹೊಡಿಸ್ಬೇಕು."

"ಮನಿಯೊಳಗೆ ಸಂಡಾಸ ಇರಬೇಕು ಅಂದಾಗ್ಲೂ ನೀವು ಹಿಂಗೇ ಹಾರಾಡಿದ್ರಿ" ಎಂದು ಮರುಳಸಿದ್ದಮ್ಮ ಗಂಡನಿಗೆ ಹೇಳಿದರು. "ಈಗ ದಿನಾ ಅರ್ಧ ತಾಸು ಹೊರಗೇ ಬರಲ್ಲ."

ಎಲ್ಲರೂ ನಕ್ಕರು. ಚಹಾ ತಂದ ನಯನಾ ತಟ್ಟೆ ಹಿಡಿದುಕೊಂಡೇ ಕೇಳಿದಳು: "ಇದ್ರಾಗೆ ನನ್ನ ರೊಟ್ಟಿ ಮನಿ ಎಲ್ಲೈತ್ರಿ?"

"ಇಲ್ಲೈತೆ ನೋಡ್ರಿ ಅಕ್ಕಾರೆ. ಪಾರ್ಕಿಂಗ್‌ಗೆ ಹತ್ತಿದಂಗೆ, ಎಂಟಡಿ ಹತ್ತಡಿ. ನಡುವೆ ಒಂದೇ ಗ್ವಾಡೆ."

"ಇದಕ್ಕೂ ಏನಾರ ನಿಯಮ ಐತೇನ್ರಿ? ರೊಟ್ಟಿ ಬಡಿಯೋ ಹೆಂಗಸು ಇರೋ ಮನ್ಯಾಗೆ ಇಂಥದೊಂದು ಕೋಣಿ ಇರಲೇಬೇಕು ಅಂತ?"

ಮತ್ತೆ ಎಲ್ಲರೂ ನಕ್ಕರು. ನಯನಾ ನಗಿಸಲು ಹೇಳಿರಲಿಲ್ಲ. ತನುಶ್ರೀ ಒಬ್ಬಳೇ ನಗದೆ ಅವಳ ಮುಖ ನೋಡಿದಳು, ಅದೂ ನಯನಾಳಿಗೆ ಸೇರಲಿಲ್ಲ.

ಕೊನೆಗೆ ಬಕ್ಕೇಶ ಲೆಕ್ಕ ಹಾಕಿ, ಅಡಿಗೆಮನೆ ಮತ್ತು ಬಚ್ಚಲಿನ ಗೀಸರು ಬಿಟ್ಟರೆ ಮೀಟರ್ ಬೋರ್ಡಿನಿಂದ ದಪ್ಪ ವೈರಿನ ಲೈನು ಇನ್ನೊಂದೇ ಒಂದು ಎಂದು ಹೇಳಿದ. ಅದನ್ನು ಪಾರ್ಕಿಂಗಿಗೆ ಕೊಡುವುದು ಅಂತ ಉಜ್ಜನಪ್ಪನವರು ಗೊಣಗುತ್ತಲೇ ಒಪ್ಪಿದರು. ರೊಟ್ಟಿ ಮನೆಗೆ ಒಂದು ದೀಪ, ಒಂದು ಫ್ಯಾನು. ಸೌದೆ ಒಲೆಯ ಮುಂದೆ ಕೂರುವವಳಿಗೆ ಕರೆಂಟು ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ, ಬೇಡವಾ ಅಂತಲೂ ಕೇಳಲಿಲ್ಲ.

ಕೆಲಸ ಶುರುವಾಗಿ ಗೋಡೆಗಳು ಎದ್ದವು, ಮೇಲೆ ಛತ್ತೂ ಹಾಕಿದ್ದಾಯಿತು. ಅಷ್ಟರಲ್ಲಿ ಒಂದು ಸೋಮವಾರ ಜಗಳವಾಯಿತು.

ರಾತ್ರಿಯೆಲ್ಲ ಇಲ್ಲದ ಕರೆಂಟು ಬೆಳಗಿನ ಜಾವ ಬಂದಿತ್ತು. ಐದಕ್ಕೆ ನಯನಾ ಎದ್ದು, ಖಾನಾವಳಿಗೆ ಶೇಂಗಾ ಚಟ್ನಿ ರುಬ್ಬಲು ಗಾಡಿಯ ಪ್ಲಗ್ ಕಿತ್ತು ಗ್ರೈಂಡರಿನದು ಹಾಕಿದಳು. ರುಬ್ಬಿದ ಮೇಲೆ ಮತ್ತೆ ಗಾಡಿಯದು ಹಾಕಬೇಕಿತ್ತು. ಮರೆತಳೋ, ನೆನಪಾದರೂ ಕೈ ಹೋಗಲಿಲ್ಲವೋ, ಅವಳನ್ನೇ ಕೇಳಿದರೂ ನೆಟ್ಟಗೆ ಹೇಳುತ್ತಿರಲಿಲ್ಲ. ಹರಿಹರ ಇನ್ನು ನಾಲ್ಕು ಕಿಲೋಮೀಟರು ಇರುವಾಗ ಗಾಡಿ ನಿಂತುಹೋಯಿತು. ಅತ್ತೆ ರಸ್ತೆಬದಿಯ ಚಹದಂಗಡಿಯ ಬೆಂಚಿನ ಮೇಲೆ ಒಂದು ತಾಸು ಕೂತರು. ತನುಶ್ರೀ ಬ್ಯಾಂಕಿಗೆ ತಡವಾಗಿ ಹೋಗಿ ಮ್ಯಾನೇಜರನಿಂದ ಮಾತು ಕೇಳಿದಳು.

ಸಂಜೆ ಊಟಕ್ಕೆ ಕೂತಾಗ ತನುಶ್ರೀಯೇ ತೆಗೆದಳು. "ಅಕ್ಕ, ಪ್ಲಗ್ ತೆಗೆದ್ರೆ ಒಂದು ಮಾತು ಹೇಳಬಾರದಾ?"

"ಹೇಳಾಕೆ ನೀನು ಮಲಗಿದ್ದೆ. ಐದು ಗಂಟಿಗೆ ಎದ್ದಿರ್ತೀಯೇನು?"

"ಎಬ್ಬಿಸಿದ್ರೆ ಏಳ್ತಿದ್ದೆ. ನನ್ನ ಬಿಡ್ರಿ, ಅತ್ತೆ ಬಿಸಲಾಗೆ ಕುಂತಿದ್ರು."

"ಅತ್ತೇರು ಬಸ್ಸಿನಾಗೆ ಹೋಗ್ಲಿ. ಹದಿನೈದು ವರ್ಷ ಬಸ್ಸಿನಾಗೆ ಹೋಗ್ಲಿಲ್ಲೇನು? ನೀನು ಬಂದ ಮ್ಯಾಲೇ ಅವರ ಮಂಡಿ ನೋವು ಶುರುವಾಗಿದ್ದು."

"ಏ ನಯನಾ, ನಾಲಿಗಿ ಹಿಡ್ಕಂಡು ಮಾತಾಡು" ಎಂದರು ಮರುಳಸಿದ್ದಮ್ಮ.

ನಯನಾ ರೊಟ್ಟಿಯ ಬುಟ್ಟಿಯನ್ನು ಕುಕ್ಕಿ ಇಟ್ಟಳು. "ಹಿಡ್ಕಂಡೇ ಹದಿನೆಂಟು ವರ್ಷ ಆತು ಅತ್ತೆ. ಇವಳಿಗೆ ಗಾಡಿ ಐತೆ. ಗಾಡಿಗೆ ಅಂತ ಗ್ವಾಡೆ ಐತೆ, ಗ್ವಾಡಿಗೆ ಅಂತ ನಿಯಮ ಬರ್ತೈತೆ. ನನಗೇನೈತೆ? ಈ ಎರಡು ಕೈ. ಇವು ಸೋತ ದಿನ ಯಾರು ಪ್ಲಗ್ ಹಾಕ್ತೀರಿ ನನಗೆ?"

ಬಕ್ಕೇಶ ಮಜ್ಜಿಗೆ ಸುರಿದುಕೊಂಡ. ಅಂದಿನಿಂದ ನಯನಾ ತನುಶ್ರೀಯ ಜೊತೆ ಮಾತು ಬಿಟ್ಟಳು. ಬಡಿಸುವುದು ಬಡಿಸುವಳು, "ಅಕ್ಕ" ಎಂದರೆ ಗೋಡೆಗೆ ಹೇಳಿದಂತೆ ಕೇಳಿಸಿಕೊಳ್ಳುವಳು. ತನುಶ್ರೀ ಗಾಡಿಗೆ ವೈರು ಹಾಕುವುದನ್ನು ನಿಲ್ಲಿಸಿ ಬ್ಯಾಂಕಿನ ಹಿಂಬದಿಯ ಪ್ಲಗ್ಗಿನಲ್ಲಿ ಚಾರ್ಜು ಮಾಡಿಕೊಳ್ಳತೊಡಗಿದಳು. ದೊಡ್ಡ ಪ್ಲಗ್ ಪೂರ್ತಿ ನಯನಾಳದಾಯಿತು. ಸಂಜೆ ಏಳು ಗಂಟೆಗೆ ಯಾರೂ ಬಂದು ಕೇಳದಿದ್ದಾಗ ಅವಳಿಗೆ ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಹೊಸ ಗೋಡೆಗಳಿಗೆ ನೀರು ಹಾಕುವ ಕೆಲಸ ನಯನಾಳದು. ಬೆಳಿಗ್ಗೆ ರೊಟ್ಟಿ ಕಳಿಸಿದ ಮೇಲೆ ಒಂದು ಸಲ, ಸಂಜೆ ಒಂದು ಸಲ, ಹಸಿರು ಪೈಪು ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ ಇಟ್ಟಿಗೆ ತೋಯುವವರೆಗೆ ನಿಲ್ಲುವಳು. ಆ ಕೆಲಸ ಅವಳಿಗೆ ಇಷ್ಟವಾಗಿತ್ತು. ರೊಟ್ಟಿ ಮನೆಗೆ ಮಾತ್ರ ಎರಡು ಪಟ್ಟು ನೀರು ಹಾಕುತ್ತಿದ್ದಳು. ಒಲೆ ಇಲ್ಲಿ, ಹಿಟ್ಟಿನ ಡಬ್ಬಿ ಇಲ್ಲಿ, ಬುಟ್ಟಿ ಅಲ್ಲಿ ಎಂದು ಖಾಲಿ ನೆಲದ ಮೇಲೆ ಕಾಲಿನಿಂದ ಗೆರೆ ಎಳೆಯುತ್ತಿದ್ದಳು.

ಆ ವಾರ ವೈರಿಂಗ್ ಕೆಲಸದ ಹಮ್ಜಾ ಸೀಮೆಸುಣ್ಣ ಹಿಡಿದು ಗೋಡೆಗಳ ಮೇಲೆ ಗುರುತು ಹಾಕುತ್ತಿದ್ದ. ಹನ್ನೆರಡು ವರ್ಷದಿಂದ ಉಜ್ಜನಪ್ಪನವರ ಅಂಗಡಿಗೂ ಮನೆಗೂ ಅವನೇ. "ಗುಂಡಗೆ ಬರೆದಿದ್ದು ದೀಪ ಅಕ್ಕಾರೆ. ಚೌಕ ಬರೆದಿದ್ದು ಸಣ್ಣ ಪ್ಲಗ್. ಚೌಕದಾಗೆ ಅಡ್ಡಗೆರಿ ಹೊಡೆದಿದ್ರೆ ದಪ್ಪ ವೈರು. ಕಟಿಂಗ್‌ನೋರು ಈ ಗುರುತು ನೋಡ್ಕಂಡೇ ಗ್ವಾಡೆ ಕೊರೀತಾರೆ" ಎಂದು ನಯನಾಳಿಗೆ ಹೇಳಿಕೊಟ್ಟ. ಎಲ್ಲ ಮುಗಿಸಿ ಮಧ್ಯಾಹ್ನ ಕೊಂಡಜ್ಜಿ ಊರಿನಲ್ಲಿ ಇನ್ನೊಂದು ಮನೆಯ ಕೆಲಸವಿದೆ ಎಂದು ಹೊರಟುಹೋದ.

ಸಂಜೆ ನಯನಾ ನೀರು ಹಾಕಲು ಬಂದಳು. ಪಾರ್ಕಿಂಗಿನ ಕಂಬದ ಮೇಲೆ ಇರಬೇಕಿದ್ದ ಅಡ್ಡಗೆರೆಯ ಚೌಕ ಅಲ್ಲಿರಲಿಲ್ಲ. ಅದು ರೊಟ್ಟಿ ಮನೆಯೊಳಗಿತ್ತು. ಒಲೆಯ ಜಾಗದ ಪಕ್ಕ, ಸೊಂಟದೆತ್ತರಕ್ಕೆ, ದೊಡ್ಡದಾಗಿ.

ಅವಳ ಮೈಯೆಲ್ಲ ಉರಿದುಹೋಯಿತು. ಪಾರ್ಕಿಂಗಿನಲ್ಲಿ ಮಳೆ ಬಿದ್ದೀತು ಅಂತ ತನುಶ್ರೀ ಚಾರ್ಜರನ್ನು ನನ್ನ ಕೋಣೆಯೊಳಕ್ಕೆ ತಂದಿದ್ದಾಳೆ, ಅಂದುಕೊಂಡಳು. ನಾಳೆ ನನ್ನ ಒಲೆ ಪಕ್ಕದಿಂದ ವೈರು ಹೋಗಬೇಕು. ಸಂಜೆಯಾದರೆ ಇಲ್ಲಿಗೂ ಬಂದು "ಅಕ್ಕ, ನಿಮ್ದು ಆಯ್ತಾ" ಅನ್ನಬೇಕು. ಇಡೀ ಮನೆ ಅವಳದು, ಅತ್ತೆ ಅವಳವರು, ಎಂಟಡಿ ಹತ್ತಡಿ ಕೂಡ ನನಗೆ ಪೂರ್ತಿ ಬಿಡಲಿಲ್ಲ.

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ನೇರ ಚೌಕಕ್ಕೆ ಹಿಡಿದಳು. ಸುಣ್ಣ ಇಳಿಯಿತು, ಆದರೂ ಗೆರೆ ಮಾಸಲಾಗಿ ಉಳಿಯಿತು. ಆಗ ಒದ್ದೆ ಗೋಣಿಚೀಲದ ತುಂಡು ತೆಗೆದುಕೊಂಡು ತಿಕ್ಕಿದಳು. ಇಟ್ಟಿಗೆ ಬರಿಯ ಇಟ್ಟಿಗೆಯಾಗುವವರೆಗೆ ತಿಕ್ಕಿ, ಸುತ್ತಲೂ ನೀರು ಹಾಕಿ, ಪೈಪು ಸುತ್ತಿಟ್ಟು ಮನೆಗೆ ಬಂದು ಸಾರಿಗೆ ಇಟ್ಟಳು. ಅವತ್ತು ಸಾರು ಚೆನ್ನಾಗಿದೆ ಎಂದು ಮಾವ ಎರಡನೆಯ ಸಲ ಹಾಕಿಸಿಕೊಂಡರು.

ಮರುದಿನ ಕಟಿಂಗ್‌ನವರು ಬಂದು ಗುರುತಿದ್ದಲ್ಲೆಲ್ಲ ಗೋಡೆ ಕೊರೆದು ವೈರಿನ ಪೈಪು ಕೂರಿಸಿದರು. ಆಮೇಲೆ ಗಾರೆ ಆಯಿತು. ರೊಟ್ಟಿ ಮನೆಗೆ ಎದೆಯೆತ್ತರಕ್ಕೆ ತಿಳಿಹಸಿರು ಟೈಲ್ಸ್ ಕೂರಿಸಿದರು, ಬಣ್ಣ ನಯನಾಳೇ ಆರಿಸಿದ್ದು. ಮೂರು ವಾರ ಹೀಗೇ ಕಳೆಯಿತು.

ಒಂದು ದಿನ ಖಾನಾವಳಿಯ ಬಂಗಾರಪ್ಪ ಹೇಳಿಕಳಿಸಿದ. ಹರಿಹರದಲ್ಲಿ ಅವನು ಹೊಸದೊಂದು ಖಾನಾವಳಿ ತೆಗೆಯುತ್ತಿದ್ದ. ನಯನಾ ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು ಮಾದರಿ ತೋರಿಸಲು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಿರುವಾಗ ನೀಲಿ ಗಾಡಿಯೊಂದು ಬಸ್ಸನ್ನು ದಾಟಿ ಮುಂದೆ ಹೋಯಿತು. ಹೆಲ್ಮೆಟ್ಟಿನ ಕೆಳಗೆ ತನುಶ್ರೀಯ ಜಡೆ, ಬೆನ್ನಿಗೆ ಚೀಲ. ನಯನಾ ತೊಡೆಯ ಮೇಲಿನ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ಗಾಡಿ ಬೇಕಾಗಿರಲಿಲ್ಲ. ಗಾಡಿಯ ಮೇಲೆ ಹೋಗುವಾಗ ತನುಶ್ರೀ ಯಾರ ಸಾರಿನ ಬಗ್ಗೆಯೂ ಯೋಚಿಸುತ್ತಿರಲಿಕ್ಕಿಲ್ಲವಲ್ಲ, ಅದು ಬೇಕಾಗಿತ್ತು.

ಬಂಗಾರಪ್ಪ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, "ದಿನಾ ಐನೂರು ಬೇಕು ನಯನಕ್ಕ. ಮುಂದಿನ ತಿಂಗಳಿಂದ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡ್ರಿ, ಬ್ಯಾರೆಯೋರು ಕೇಳ್ತಾ ಅದಾರೆ" ಎಂದ.

"ಆಗ್ತೈತೆ" ಎಂದಳು ನಯನಾ. ಎರಡು ಕೈಗೆ ಐನೂರು ಆಗುವುದಿಲ್ಲ ಎಂದು ಗೊತ್ತಿದ್ದೂ ಅಂದಳು. ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿ, ಚೀಟಿ ಎತ್ತಿದ ದುಡ್ಡಿನಲ್ಲಿ ರೊಟ್ಟಿ ಮಷಿನ್ನಿಗೆ ಮುಂಗಡ ಕೊಟ್ಟೇಬಿಟ್ಟಳು. ಅಂಗಡಿಯವನು ರಸೀದಿ ಬರೆಯುತ್ತ ಕೇಳಿದ: "ದಪ್ಪ ವೈರಿನ ಲೈನ್ ಐತೇನಕ್ಕ? ಸಾದಾ ಪ್ಲಗ್ಗಿಗೆ ಹಾಕಿದ್ರೆ ವೈರು ಕರಗ್ತೈತೆ, ಮಷಿನ್ನೂ ಹೋಗ್ತೈತೆ. ಅದಕ್ಕೆ ನಾವು ಜವಾಬ್ದಾರಿ ಅಲ್ಲ."

ಭಾನುವಾರ ಹಮ್ಜಾನಿಗಾಗಿ ಕಾಯುವ ಹೊತ್ತಿಗೆ ಇಡೀ ಸಂಸಾರ ಹೊಸ ಮನೆಯಲ್ಲಿತ್ತು. ಅವತ್ತು ಪೈಪುಗಳೊಳಗೆ ವೈರು ಎಳೆಯುವ ಕೆಲಸ. ಹಮ್ಜಾ ಬಂದ ಕೂಡಲೇ ನಯನಾ ಅವನನ್ನು ರೊಟ್ಟಿ ಮನೆಗೆ ಕರೆದಳು. "ಮಷಿನ್ ತರ್ತಿದೀನಪ್ಪ. ಇಲ್ಲಿಗೊಂದು ದಪ್ಪ ವೈರು ಕೊಡಾಕೆ ಬರ್ತೈತೇನು ನೋಡು."

ಹಮ್ಜಾ ನಕ್ಕ. "ಕೊಡಾದೇನು ಅಕ್ಕಾರೆ, ಕೊಟ್ಟೇ ಐತಲ್ಲ. ಸಣ್ಣ ಅಕ್ಕಾರು ಹೇಳಿದ್ರು, ಚಾರ್ಜರ್ ಬ್ಯಾಡ, ನಂದು ಬ್ಯಾಂಕಿನ ಹತ್ರ ಆಗ್ತೈತೆ, ಆ ಲೈನ್ ಅಕ್ಕನ ರೊಟ್ಟಿ ಮನಿಗೆ ತಿರುಗ್ಸು, ಒಂದಿಲ್ಲೊಂದಿನ ಅವ್ರು ಮಷಿನ್ ತಂದೇ ತರ್ತಾರೆ ಅಂತ. ಇಲ್ಲೇ ಒಲಿ ಪಕ್ಕ ಗುರುತು ಹಾಕಿದ್ನಲ್ಲ."

ಅವನು ಕೈ ತೋರಿಸಿದ ಕಡೆ ತಿಳಿಹಸಿರು ಟೈಲ್ಸ್ ಮಾತ್ರ ಇತ್ತು. ಹಮ್ಜಾನ ನಗು ಇಳಿಯಿತು. ಬೆರಳಿನಿಂದ ಬಡಿದು ನೋಡಿದ, ಬಗ್ಗಿ ನೋಡಿದ, ಪಾರ್ಕಿಂಗಿನ ಕಡೆಗೆ ಓಡಿ ಹೋಗಿ ಅಲ್ಲಿಂದಲೂ ನೋಡಿ ಬಂದ. ನಯನಾ ನಿಂತಲ್ಲೇ ನಿಂತಿದ್ದಳು. ಒದ್ದೆ ಗೋಣಿಯ ವಾಸನೆ ಮೂಗಿಗೆ ಬಂದಂತಾಯಿತು.

ಅಷ್ಟರಲ್ಲಿ ಉಜ್ಜನಪ್ಪನವರು, ಬಕ್ಕೇಶ, ಅತ್ತೆ, ತನುಶ್ರೀ ಎಲ್ಲ ಬಾಗಿಲಿಗೆ ಬಂದರು. "ಏನದು?"

"ಸಾವ್ಕಾರ್ರೆ, ದಪ್ಪ ಲೈನಿನ ಪೈಪೇ ಬಿದ್ದಿಲ್ಲ. ನಾನು ಗುರುತು ಹಾಕಿದ್ದೆ. ನನ್ನ ಮಕ್ಕಳ ಆಣಿ, ಇಲ್ಲೇ ಹಾಕಿದ್ದೆ."

"ಹಾಕಿದ್ರೆ ಎಲ್ಲಿ ಹೋತು? ಗುರುತಿಗೇನು ಕಾಲು ಬಂದ್ವೇನು?" ಉಜ್ಜನಪ್ಪನವರ ದನಿ ಏರಿತು. "ಹನ್ನೆರಡು ವರ್ಷ ಆತು ನಮ್ಮನಿ ಕೆಲಸ ಹಿಡಿದು. ಸುಳ್ಳು ಹೇಳಾದು ಯಾವಾಗ ಕಲ್ತೆ ಹಮ್ಜಾ? ಒಂದು ಕಡಿ ಗುರುತು ಹಾಕಿ ಇನ್ನೊಂದೂರಿಗೆ ಓಡಿದ್ರೆ ಹಿಂಗೇ ಆಗಾದು."

"ಒಡೆಯೋ ಖರ್ಚು, ಟೈಲ್ಸು, ಗಾರೆ ಎಲ್ಲಾ ನಿಂದೇ. ನಿನ್ನ ಬಾಕಿಯಾಗೆ ಹಿಡೀತೀನಿ" ಎಂದ ಬಕ್ಕೇಶ.

ಹಮ್ಜಾ ವೈರಿನ ಸುರುಳಿಯನ್ನು ಕೆಳಗಿಟ್ಟು, ಆ ಗೋಡೆಯನ್ನೇ ನೋಡುತ್ತ ನಿಂತ. ಸುಳ್ಳ ಅನ್ನಿಸಿಕೊಂಡ ಮನುಷ್ಯನ ಮುಖ ನಯನಾ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೇಳಬೇಕು ಅನ್ನಿಸಿತು, ನಾಲಿಗೆ ಏಳಲಿಲ್ಲ. ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅನ್ನುವುದಕ್ಕೆ ಇರುವ ಉತ್ತರ ಒಂದೇ, ಅದನ್ನು ತನುಶ್ರೀಯ ಎದುರು ಹೇಳುವುದಕ್ಕಿಂತ ಈ ಗೋಡೆಯೇ ಬೀಳಲಿ ಅನ್ನಿಸಿತು.

ಆಗ ತನುಶ್ರೀ ಮುಂದೆ ಬಂದಳು.

"ಮಾವಾರೆ, ಹಮ್ಜಾ ಅವರನ್ನ ಬೈಬ್ಯಾಡ್ರಿ. ತಪ್ಪು ನಂದೇ. ಸರಿಯಾಗಿ ನಿಂತು ಹೇಳ್ಲಿಲ್ಲ ನಾನು, ಒಂದ್ಸಲ ಹಾಕು ಅಂದೆ, ಒಂದ್ಸಲ ಬ್ಯಾಡ ಅಂದೆ. ಅವರಿಗೆ ಗೊಂದಲ ಆಗೈತೆ. ಒಡೆಯೋ ಖರ್ಚು ನಾನು ಕೊಡ್ತೀನಿ."

ಹೇಳುವಾಗ ಅವಳು ನಯನಾಳ ಕಡೆ ನೋಡಲಿಲ್ಲ. ಆ ನೋಡದಿರುವುದರಲ್ಲೇ ನಯನಾಳಿಗೆ ಎಲ್ಲ ತಿಳಿಯಿತು. ಈ ಗೋಡೆಗಳಿಗೆ ದಿನಾ ಎರಡು ಹೊತ್ತು ನೀರು ಹಾಕಿದವರು ಯಾರು ಅಂತ ಲೆಕ್ಕ ಹಾಕಲು ಬ್ಯಾಂಕಿನ ಕೆಲಸವೇನೂ ಬೇಕಿಲ್ಲ. ತನುಶ್ರೀಗೆ ಗೊತ್ತಿತ್ತು, ಗೊತ್ತಿದ್ದೂ ತಲೆಯ ಮೇಲೆ ಹಾಕಿಕೊಂಡಿದ್ದಳು.

ಮರುಳಸಿದ್ದಮ್ಮ ಕಿರಿಯ ಸೊಸೆಯ ಗದ್ದ ಹಿಡಿದರು. "ನನ್ನವ್ವ, ಏನ್ ದೊಡ್ಡ ಮನಸ್ಸೇ ನಿಂದು. ಅಕ್ಕನಿಗೆ ಅಂತ ಲೈನೂ ಬಿಟ್ಟಿ, ಈಗ ತಪ್ಪೂ ನಂದೇ ಅಂತಿ. ನಮಗೂ ಹೇಳಿದ್ಲು ನೋಡ್ರಿ, ಲೈನಿನ ಸುದ್ದಿ. ನಿನಗೂ ಹೇಳಾಣ ಅಂದ್ರೆ ನೀನು ಮಾತೇ ಬಿಟ್ಟಿದ್ದೆಲ್ಲ ನಯನಾ."

ನಯನಾಳ ಎದೆಯಲ್ಲಿ ಏನೋ ಒಡೆಯಿತು. ಪಶ್ಚಾತ್ತಾಪವೆಂದು ಹೇಳಿದರೆ ಚೆಂದ ಕೇಳಿಸುತ್ತದೆ, ಆದರೆ ಅದಲ್ಲ. ಹೊಟ್ಟೆಕಿಚ್ಚೇ. ಗಾಡಿ ಅವಳದು, ಸಂಬಳ ಅವಳದು, ಅತ್ತೆಯ ಮುದ್ದು ಅವಳದು, ಕೊನೆಗೆ ನಾನು ಮಾಡಿದ ತಪ್ಪಿನ ಒಳ್ಳೆಯ ಹೆಸರೂ ಅವಳಿಗೇ ಹೋಗಬೇಕೇನು?

"ಏ ತನು, ಸಾಕು ಸುಮ್ಮನಿರು" ಎಂದಳು. ಒಂದು ತಿಂಗಳಲ್ಲಿ ಅವಳ ಜೊತೆ ಆಡಿದ ಮೊದಲ ಮಾತು ಅದು. "ಆ ಗುರುತು ಅಳಿಸಿದ್ದು ನಾನು. ನೀರು ಹಾಕುವಾಗ ತಾನೇ ಹೋಗ್ಲಿಲ್ಲ, ಗೋಣಿಚೀಲ ತಗಂಡು ನಾನೇ ತಿಕ್ಕಿ ತೆಗೆದೆ. ಇವಳ ಗಾಡಿದು ಅಂದ್ಕಂಡೆ. ನನ್ನ ಕೋಣ್ಯಾಗೂ ಬಂದ್ಲಲ್ಲ ಅಂತ ಹೊಟ್ಟೆ ಉರೀತು, ಅಳಿಸಿದೆ. ತಪ್ಪು ನಂದು. ಅದೊಂದನ್ನಾರ ನನಗೆ ಬಿಡು, ಅದನ್ನೂ ನೀನೇ ತಗಾಬ್ಯಾಡ."

ಖಾಲಿ ಮನೆಯಲ್ಲಿ ಅವಳ ದನಿ ಗೋಡೆಗೆ ಬಡಿದು ವಾಪಸು ಬಂತು. ನಯನಾ ಹಮ್ಜಾನ ಕಡೆ ತಿರುಗಿದಳು. "ನಿನ್ನದೇನೂ ತಪ್ಪಿಲ್ಲಪ್ಪ. ನಿನ್ನನ್ನ ಸುಳ್ಳ ಅನ್ನುವಾಗ ನಾನು ಸುಮ್ಮನೆ ನಿಂತೆ, ಅದು ಇನ್ನೂ ದೊಡ್ಡ ತಪ್ಪು. ಒಡೆಯೋ ಖರ್ಚು ನನ್ನ ರೊಟ್ಟಿ ದುಡ್ಡಿಂದ ಕೊಡ್ತೀನಿ, ಯಾರ ಹತ್ರನೂ ಹಿಡಿಯಾದು ಬ್ಯಾಡ."

ಬಕ್ಕೇಶ ನೆಲ ನೋಡಿದ. ಅತ್ತೆ ಏನೋ ಹೇಳಲು ಬಾಯಿ ತೆರೆದರು, ಉಜ್ಜನಪ್ಪನವರು ಕೈ ಎತ್ತಿ ತಡೆದರು. ಅವರು ಹಮ್ಜಾನ ಹೆಗಲ ಮೇಲೆ ಕೈಯಿಟ್ಟು, "ಸಿಟ್ಟಿನಾಗೆ ಅಂದುಬಿಟ್ಟೆ, ಮನಸ್ಸಿಗೆ ಹಚ್ಕಾಬ್ಯಾಡ" ಎಂದರು. ಆಮೇಲೆ ಟೈಲ್ಸಿನ ಮೇಲೆ ಕೈಯಾಡಿಸಿ, ಹೇಳಿದರು: "ಮೊದಲೇ ಪಾಯಿಂಟ್ ಹಾಕಿ ಆಮೇಲೆ ಮನಿ ಕಟ್ರಿ ಅಂತ ಆ ನಿಯಮ ಬರೆದೋನ ಮನ್ಯಾಗೂ ಇಬ್ರು ಸೊಸೇರು ಇರಬೇಕು."

ಮೊದಲು ನಕ್ಕವನು ಹಮ್ಜಾ. ತನುಶ್ರೀ ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡಳು. ನಯನಾ ನಗಲಿಲ್ಲ. ಉಳಿ, ಸುತ್ತಿಗೆ ತೆಗೆದುಕೊಂಡು ಬಾ ಎಂದು ಹಮ್ಜಾನಿಗೆ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ಗೋಡೆ ಕೊರೆದಾಗಿತ್ತು. ಪೈಪು ಕೂರಿಸುವ ಮುಂಚೆ ಹಮ್ಜಾ ಕೇಳಿದ: "ಅಕ್ಕಾರೆ, ಗ್ವಾಡೆ ಒಂದೇ. ಒಡೆದಿದ್ದು ಒಡೆದಾಗೈತೆ. ಆ ಕಡಿಗೂ ಒಂದು ಪ್ಲಗ್ ಬಿಡ್ಲಾ, ಪಾರ್ಕಿಂಗ್‌ಗೆ? ಎರಡೂ ಒಟ್ಟಿಗೆ ಹಾಕಂಗಿಲ್ಲ ಅಷ್ಟೆ."

ತನುಶ್ರೀ "ಬ್ಯಾಡ, ನಂದು ಬ್ಯಾಂಕಿನ ಹತ್ರ" ಎಂದು ಶುರು ಮಾಡಿದಳು.

"ಬಿಡಪ್ಪ" ಎಂದಳು ನಯನಾ. "ಬೆಳಿಗ್ಗೆ ಐದರಿಂದ ಹತ್ತರ ತಂಕ ನಂದು. ಸಂಜಿ ಅವಳದು. ಕೇಳಾಕೆ ಬರಾದು ಬ್ಯಾಡ ಅಂತ ಹೇಳು, ದಿನಾ ಕೇಳಿದ್ರೆ ನನಗೆ ತಲಿ ಕೆಡ್ತೈತೆ."

"ನಿಮ್ಮ ಎದುರಿಗೇ ನಿಂತಿದೀನಲ್ಲಕ್ಕ, ನನಗೇ ಹೇಳ್ರಿ."

"ಹೇಳಿದ್ನಲ್ಲ" ಎಂದು ನಯನಾ ಒಡೆದ ಟೈಲ್ಸಿನ ಚೂರು ಗುಡಿಸತೊಡಗಿದಳು.

ಹೊಟ್ಟೆಕಿಚ್ಚು ಅವತ್ತಿಗೇ ಆರಿಹೋಯಿತು ಅಂತ ಯಾರೂ ತಿಳಿಯಬೇಡಿ. ಈಗಲೂ ಸೋಮವಾರ ಬೆಳಿಗ್ಗೆ ಅತ್ತೆ ಗಾಡಿ ಹತ್ತುವಾಗ ನಯನಾ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಾಳೆ. ಆದರೆ ಮಷಿನ್ ಬಂತು. ಐನೂರು ರೊಟ್ಟಿಯ ಡಬ್ಬಿಗಳು ದಿನಾ ಬೆಳಿಗ್ಗೆ ಬಂಗಾರಪ್ಪನ ಆಟೋದಲ್ಲಿ ಹರಿಹರಕ್ಕೆ ಹೋಗತೊಡಗಿದವು. ಶಿವಮೂರ್ತಿ ಹೇಳಿದ ನಿಯಮ ಬಂತೋ ಇಲ್ಲವೋ ಅಂತ ಮನೆಯಲ್ಲಿ ಯಾರೂ ಮತ್ತೆ ಕೇಳಲಿಲ್ಲ.

ಒಡೆದ ಜಾಗಕ್ಕೆ ಅದೇ ತಿಳಿಹಸಿರು ಟೈಲ್ಸ್ ಸಿಗಲಿಲ್ಲ, ಆ ಮಾಲು ಮುಗಿದಿತ್ತು. ಮೂರು ಬಿಳಿ ಟೈಲ್ಸ್ ತಂದು ಕೂರಿಸಿದರು. ಗೃಹಪ್ರವೇಶದ ದಿನ ನೆಂಟರು, ಓಣಿಯವರು ಮನೆ ನೋಡುತ್ತ ಬಂದು ರೊಟ್ಟಿ ಮನೆಯಲ್ಲಿ ನಿಂತರು. ವಾಮದೇವಪ್ಪನವರು ಹೋಳಿಗೆ ತಿನ್ನುತ್ತ ಆ ಪ್ಲಗ್ಗಿನ ಸುತ್ತಲಿನ ಬಿಳಿಯನ್ನು ತೋರಿಸಿದರು.

"ಎಲ್ಲಾ ಹಸಿರು ಐತೆ, ಇಲ್ಲಷ್ಟೇ ಯಾಕ ಹಿಂಗಾತು? ಯಾರ ಕೆಲಸ ಇದು?"

"ಅದು ಏನಾಯ್ತು ಅಂದ್ರೆ, ನಾನು ಸರಿಯಾಗಿ" ಎಂದು ತನುಶ್ರೀ ಬಾಯಿ ತೆಗೆದಳು.

ನಯನಾ ಹೋಳಿಗೆಯ ತಟ್ಟೆಯನ್ನು ಅವಳ ಕೈಗೆ ಕೊಟ್ಟು ಅವಳನ್ನು ಪಕ್ಕಕ್ಕೆ ಸರಿಸಿದಳು. "ನೀ ಬಡಿಸು ಹೋಗು. ಇದನ್ನ ನಾನೇ ಹೇಳ್ತೀನಿ."